ಸೌರ ಪಂಪ್‌ಸೆಟ್ಟಿನ ಮೋಟಾರು ಮತ್ತು ವಿರಳ ಭೂಲೋಹದ ಅಯಸ್ಕಾಂತ: ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ

ಚೀನಾ ದೇಶವು 2025ರ ಏಪ್ರಿಲ್ 4ರಂದು ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಸೇರಿದಂತೆ ಏಳು ವಿರಳ ಭೂಲೋಹಗಳ ಹಾಗೂ ಅವುಗಳನ್ನು ಒಳಗೊಂಡ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಇದರಿಂದ ವಿದ್ಯುತ್ ವಾಹನ ತಯಾರಕರಿಗೆ ಉಂಟಾದ ಅಡಚಣೆಯು ಪತ್ರಿಕೆಗಳಲ್ಲಿ ವ್ಯಾಪಕವಾಗಿ ವರದಿಯಾಯಿತು. ಇದೇ ಬಗೆಯ ಅಯಸ್ಕಾಂತವು ಕೃಷಿಕರ ಕೆಲವು ಸೌರ ಪಂಪುಗಳಲ್ಲಿಯೂ ಇರುತ್ತದೆ ಎಂಬ ಅಂಶವು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕುಮುದ್ವತಿ, ದಂಡಾವತಿ ನದಿಗಳ ಈ ಸೀಮೆಯಲ್ಲಿ ಮಳೆಗಾಲ ಕಳೆದ ನಂತರ ಅನೇಕ ಅಡಿಕೆ ತೋಟಗಳಿಗೆ ಕೊಳವೆಬಾವಿಯೇ ಆಧಾರ. ಪಿಎಂ-ಕುಸುಮ್ ಯೋಜನೆಯ 'ಬಿ' ಘಟಕದಡಿ ರಾಜ್ಯ ಸರ್ಕಾರವು 2023ರಲ್ಲಿ ತನ್ನ ಸಹಾಯಧನವನ್ನು ಶೇ. 50ಕ್ಕೆ ಹೆಚ್ಚಿಸಿತು. ಕೇಂದ್ರದ ಶೇ. 30 ಸೇರಿ, ರೈತರು ಭರಿಸಬೇಕಾದ ವಂತಿಗೆಯು ಶೇ. 20ಕ್ಕೆ ಇಳಿಯಿತು. ಆದುದರಿಂದ ಅಶ್ವಶಕ್ತಿಯನ್ನಷ್ಟೇ ಅಲ್ಲದೆ ಮೋಟಾರಿನ ಬಗೆಯನ್ನೂ ತಿಳಿದಿರುವುದು ಅಗತ್ಯ.

ಕಬ್ಬಿಣವು ಸಂಕ್ರಮಣ ಲೋಹ. ಅದು ಪ್ರಬಲವಾದ ಕಾಂತತ್ವವನ್ನು ಪಡೆಯುತ್ತದೆಯಾದರೂ ಅದರ ಕಾಂತದಿಕ್ಕು ಸುಲಭವಾಗಿ ಬದಲಾಗುತ್ತದೆ. ನಿಯೋಡಿಮಿಯಂ ಎಂಬ ವಿರಳ ಭೂಲೋಹದ ಪರಮಾಣುಗಳು ಆ ದಿಕ್ಕನ್ನು ಹರಳಿನ ಒಂದೇ ಅಕ್ಷಕ್ಕೆ ಬಿಗಿದು ನಿಲ್ಲಿಸುತ್ತವೆ. ಎರಡು ನಿಯೋಡಿಮಿಯಂ, ಹದಿನಾಲ್ಕು ಕಬ್ಬಿಣ ಹಾಗೂ ಒಂದು ಬೋರಾನ್ ಪರಮಾಣುವಿನ ಅನುಪಾತದ ಸಂಯುಕ್ತವನ್ನು 1980ರ ದಶಕದ ಆರಂಭದಲ್ಲಿ ಜಪಾನ್ ಮತ್ತು ಅಮೆರಿಕದ ಸಂಶೋಧಕರು ಪ್ರತ್ಯೇಕವಾಗಿ ರೂಪಿಸಿದರು. ಶಾಖವೇ ಇದರ ಮುಖ್ಯ ದೌರ್ಬಲ್ಯ. ಸುಮಾರು 310 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಂತತ್ವವು ಪೂರ್ಣವಾಗಿ ನಶಿಸುತ್ತದೆ. ಅದಕ್ಕಿಂತ ಬಹಳ ಕಡಿಮೆ ಉಷ್ಣತೆಯಲ್ಲಿಯೇ ದಿಕ್ಕಿನ ಹಿಡಿತ ಸಡಿಲವಾಗತೊಡಗುತ್ತದೆ. ಈ ಹಿಡಿತವನ್ನು ಕಾಯಲು ಅಲ್ಪ ಪ್ರಮಾಣದಲ್ಲಿ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸಲಾಗುತ್ತದೆ. ಚೀನಾದ ಏಳು ಲೋಹಗಳ ಪಟ್ಟಿಯಲ್ಲಿ ನಿಯೋಡಿಮಿಯಂ ಇರಲಿಲ್ಲ, ಈ ಎರಡೂ ಇದ್ದವು. ಪೂರೈಕೆಯ ಬಿಕ್ಕಟ್ಟಿನ ಮೂಲ ಇರುವುದು ಇಲ್ಲಿಯೇ.

ಸೌರ ಪಂಪುಗಳಲ್ಲಿ ಎರಡು ಬಗೆಯ ಮೋಟಾರುಗಳು ಬಳಕೆಯಲ್ಲಿವೆ. ಎ.ಸಿ. ಇಂಡಕ್ಷನ್ ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತವೇ ಇಲ್ಲ. ಈಗಾಗಲೇ ಇರುವ ಸಾಮಾನ್ಯ ತ್ರೀ ಫೇಸ್ ಪಂಪ್‌ಸೆಟ್ಟುಗಳೂ ಇದೇ ಬಗೆಯವು. ಇವುಗಳ ಮಾಲೀಕರು ಆತಂಕಪಡಬೇಕಾಗಿಲ್ಲ. ಬ್ರಷ್ ರಹಿತ ಡಿ.ಸಿ. ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತವಿದ್ದು, ಫೆರೈಟ್ ಬಳಸದ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ನಿಯೋಡಿಮಿಯಂ ಸಂಯುಕ್ತವಾಗಿರುತ್ತದೆ. ಕೇಂದ್ರ ಸಚಿವಾಲಯದ ಮಾನದಂಡಗಳ ಪ್ರಕಾರ ಅಷ್ಟೇ ಸಾಮರ್ಥ್ಯದ ಸೌರಫಲಕದಿಂದ ಡಿ.ಸಿ. ಪಂಪು ಸುಮಾರು ಶೇ. 10ರಷ್ಟು ಹೆಚ್ಚು ನೀರೆತ್ತಬೇಕು. ಈ ಅನುಕೂಲ ಕಡಿಮೆಯದೇನಲ್ಲ. ಆದರೆ ದುರಸ್ತಿಯ ಲೆಕ್ಕವೇ ಬೇರೆ. ಸುಟ್ಟ ಇಂಡಕ್ಷನ್ ಮೋಟಾರನ್ನು ತಾಲ್ಲೂಕು ಕೇಂದ್ರದ ವೈಂಡಿಂಗ್ ಅಂಗಡಿಯಲ್ಲಿಯೇ ಸರಿಪಡಿಸಿಕೊಳ್ಳಬಹುದು. ಕಾಂತತ್ವ ಕಳೆದುಕೊಂಡ ರೋಟರನ್ನು ಮಾತ್ರ ಬದಲಿಸಿಯೇ ತೀರಬೇಕು.

ಸಬ್‌ಮರ್ಸಿಬಲ್ ಮೋಟಾರನ್ನು ಬಾವಿಯ ನೀರೇ ತಂಪಾಗಿಡುವುದರಿಂದ ಸ್ಕೂಟರಿನ ಮೋಟಾರಿಗೆ ತಗಲುವಷ್ಟು ಶಾಖ ಇದಕ್ಕೆ ತಗಲದು. ಅಪಾಯವಿರುವುದು ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಮೋಟಾರು ಒಣಗಿ ಓಡಿದಾಗ. ಆದಕಾರಣ ನೀರಿಲ್ಲದಾಗ ತಾನಾಗಿ ನಿಲ್ಲುವ ವ್ಯವಸ್ಥೆಯು ಕಾರ್ಯನಿರ್ವಹಿಸುತ್ತಿದೆಯೇ ಎಂಬುದನ್ನು ಅಳವಡಿಕೆಯ ದಿನವೇ ಪರೀಕ್ಷಿಸಿಕೊಳ್ಳತಕ್ಕದ್ದು. ಐದು ವರ್ಷಗಳ ನಿರ್ವಹಣಾ ಅವಧಿಯಲ್ಲಿ ರೋಟರ್ ಬದಲಾವಣೆಯ ಹೊಣೆ ಯಾರದೆಂಬುದನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯುವುದು ಸೂಕ್ತ.

ವರ್ಷಕ್ಕೆ 6,000 ಟನ್ ಅಯಸ್ಕಾಂತವನ್ನು ದೇಶದಲ್ಲಿಯೇ ತಯಾರಿಸುವ ರೂ. 7,280 ಕೋಟಿ ವೆಚ್ಚದ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2025ರ ನವೆಂಬರ್ 26ರಂದು ಅನುಮೋದನೆ ನೀಡಿತು. ಘಟಕಗಳ ಸ್ಥಾಪನೆಗೇ ಎರಡು ವರ್ಷಗಳ ಕಾಲಾವಕಾಶ ನೀಡಲಾಗಿದೆ. ಅಲ್ಲಿಯವರೆಗೆ ಡಿ.ಸಿ. ಪಂಪನ್ನು ಆಯ್ದುಕೊಳ್ಳುವವರು ಬಿಡಿಭಾಗ ಬರುವುದು ತಡವಾಗುವ ಸಾಧ್ಯತೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.