ಫಲತ್ಯಾಗವೂ ಹೊಣೆಗಾರಿಕೆಯೂ

ಕೈಗೊಂಡ ಕಾರ್ಯವು ಕೆಟ್ಟಾಗ ‘ಪ್ರಯತ್ನ ನಮ್ಮದು, ಫಲ ಭಗವಂತನದು’ ಎಂದು ಹೇಳಿ ಕೈತೊಳೆದುಕೊಳ್ಳುವ ಅಭ್ಯಾಸವು ನಮ್ಮ ಸಾರ್ವಜನಿಕ ಜೀವನದಲ್ಲಿ ಬೇರೂರಿರುವುದೇ ವಿಷಾದದ ಸಂಗತಿಯಾಗಿರಲು, ಅದಕ್ಕೆ ಭಗವದ್ಗೀತೆಯ ಆಧಾರವನ್ನು ತರುವುದಂತೂ ಆ ಮಹಾಗ್ರಂಥಕ್ಕೆ ಎಸಗುವ ಅಪಚಾರವೇ ಸರಿ. ಮಳೆಗಾಲಕ್ಕೆ ಮುನ್ನ ಕೆರೆಯ ಏರಿಯನ್ನು ಪರೀಕ್ಷಿಸದ ಅಧಿಕಾರಿಯಾಗಲಿ, ಪಾಠವು ಮಕ್ಕಳಿಗೆ ತಿಳಿಯಿತೋ ಇಲ್ಲವೋ ಎಂದು ವಿಚಾರಿಸದ ಉಪಾಧ್ಯಾಯನಾಗಲಿ ನಿಷ್ಕಾಮಕರ್ಮಿಯಲ್ಲ, ಕರ್ತವ್ಯಭ್ರಷ್ಟನು.

ಗೀತೆಯ ಹದಿನೆಂಟನೆಯ ಅಧ್ಯಾಯವು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಟ್ಟಿಲ್ಲ. ಮುಂದಿನ ಪರಿಣಾಮವನ್ನೂ, ಆಗಬಹುದಾದ ನಷ್ಟವನ್ನೂ, ಪರರಿಗೆ ತಗಲುವ ಹಿಂಸೆಯನ್ನೂ, ತನ್ನ ಸಾಮರ್ಥ್ಯವನ್ನೂ ಆಲೋಚಿಸದೆ ಮೋಹದಿಂದ ತೊಡಗುವ ಕರ್ಮವನ್ನು ಅದು ತಾಮಸವೆಂದು ಕರೆಯುತ್ತದೆ. ಸಾತ್ತ್ವಿಕ ಕರ್ತೃವಾದರೋ ಸಂಗವನ್ನೂ ಅಹಂಕಾರವನ್ನೂ ತೊರೆದವನಾದರೂ ಧೃತಿ, ಉತ್ಸಾಹಗಳಿಂದ ಕೂಡಿದವನು. ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳು ಕೂಡಿದಲ್ಲದೆ ಯಾವ ಕಾರ್ಯವೂ ನಡೆಯದೆಂಬುದು ಅಲ್ಲಿಯದೇ ಮಾತು. ಆದುದರಿಂದ ಫಲವೆಲ್ಲ ತನ್ನದೆಂದು ಬೀಗುವುದು ಎಷ್ಟು ಅವಿವೇಕವೋ, ತನ್ನ ಪಾಲಿನ ಕೆಲಸದಲ್ಲಿ ಉದಾಸೀನನಾಗುವುದೂ ಅಷ್ಟೇ ಅವಿವೇಕ.

ಮಂಡಾಲೆಯ ಸೆರೆಮನೆಯಲ್ಲಿ 1910–11ರ ಚಳಿಗಾಲದಲ್ಲಿ ಲೋಕಮಾನ್ಯ ತಿಲಕರು ಸೀಸದಕಡ್ಡಿಯಿಂದ ‘ಗೀತಾರಹಸ್ಯ’ವನ್ನು ಬರೆದರು. 1914ರಲ್ಲಿ ಅವರಿಗೆ ಬಿಡುಗಡೆಯಾದ ಮೇಲೆಯೂ ಹಸ್ತಪ್ರತಿಯು ಕೆಲಕಾಲ ಸರ್ಕಾರದ ವಶದಲ್ಲಿಯೇ ಉಳಿದಿತ್ತು. ಗ್ರಂಥವು ಬೆಳಕು ಕಂಡದ್ದು 1915ರಲ್ಲಿ. ಪ್ರಕಟನೆಯ ಭರವಸೆಯೇ ಇಲ್ಲದೆಡೆಯಲ್ಲಿಯೂ ಅವರು ಬರವಣಿಗೆಯ ಶ್ರದ್ಧೆಯನ್ನು ಸಡಿಲಿಸಲಿಲ್ಲ. ಅದನ್ನು ಕನ್ನಡಕ್ಕೆ ತಂದ ಆಲೂರು ವೆಂಕಟರಾಯರು ಕರ್ನಾಟಕದ ಏಕೀಕರಣಕ್ಕಾಗಿ ದಶಕಗಳ ಕಾಲ ದುಡಿದು, ಅದು ಕೈಗೂಡಿದ 1956ರ ಹೊತ್ತಿಗೆ ಎಪ್ಪತ್ತಾರರ ವೃದ್ಧರಾಗಿದ್ದರು. ಇವರಿಬ್ಬರೂ ಗುರಿಯನ್ನು ಕಣ್ಮರೆಮಾಡಿಕೊಂಡವರಲ್ಲ. ಗುರಿಯು ದೂರವಾಯಿತೆಂದು ಕರ್ಮವನ್ನು ಕುಗ್ಗಿಸಿದವರೂ ಅಲ್ಲ.

ಕೀರ್ತಿಗೂ ಲಾಭಕ್ಕೂ ಅಂಟಿಕೊಂಡವನು ಸೋಲನ್ನು ಮುಚ್ಚಿಡುತ್ತಾನೆ, ಲೆಕ್ಕವನ್ನು ತಿದ್ದುತ್ತಾನೆ, ದೋಷವನ್ನು ಕೈಕೆಳಗಿನವರ ಮೇಲೆ ಹೊರಿಸುತ್ತಾನೆ. ಆ ಅಂಟನ್ನು ಬಿಡಿಸಿಕೊಂಡವನಿಗೆ ಮಾತ್ರ ಫಲವನ್ನು ಇದ್ದಂತೆ ಕಾಣುವ, ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವ ಸ್ಥೈರ್ಯವು ಸಾಧ್ಯ. ಫಲದ ಮೇಲಣ ಹಕ್ಕನ್ನು ಬಿಟ್ಟವನು ತನ್ನ ಲೋಪಕ್ಕೆ ಉತ್ತರ ಹೇಳುವ ಹೊಣೆಯನ್ನು ಬಿಟ್ಟವನಲ್ಲ. ಅಧಿಕಾರದ ಪೀಠದಲ್ಲಿರುವವರಿಂದ ನಾವು ನಿರೀಕ್ಷಿಸಬೇಕಾದ ವೈರಾಗ್ಯವು ಇದೇ.