ವಿಷದ ಬಾಟಲಿಗೆ ಕನ್ನಡ ಬೇಕು, ಬೀಜದ ಪೊಟ್ಟಣಕ್ಕೆ ಬೇಡವೇ?



ನಾಳೆ ಪೇಟೆಗೆ ಹೋದಾಗ ಒಂದು ಕೆಲಸ ಮಾಡಿ. ಹರಿಹರದ್ದೋ ದಾವಣಗೆರೆಯದ್ದೋ ಯಾವುದಾದರೂ ಬೀಜ-ಗೊಬ್ಬರದ ಅಂಗಡಿ ಹತ್ತಿ. ಒಂದು ಕೈಯಲ್ಲಿ ಕೀಟನಾಶಕದ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಹಿತ್ತಲಿಗೆಂದು ಮಾರುವ ಹೀರೇಕಾಯಿ ಬೀಜದ ಬಣ್ಣದ ಪೊಟ್ಟಣ ಹಿಡಿಯಿರಿ. ಎರಡನ್ನೂ ತಿರುಗಿಸಿ ಓದಿ. ಬಾಟಲಿಯ ಜೊತೆಗಿರುವ ಚೀಟಿಯಲ್ಲಿ ಕನ್ನಡ ಇರುತ್ತದೆ. ಪೊಟ್ಟಣದ ಮೇಲೆ ಹುಡುಕಿ. ಬಹುಪಾಲು ಪೊಟ್ಟಣಗಳಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸಿಗುವುದಿಲ್ಲ!

ಇದೇಕೆ ಹೀಗೆ? ಅಂಗಡಿಯವನನ್ನು ಬೈಯಬೇಡಿ. ಕಾನೂನೇ ಹಾಗಿದೆ. ವಿಷದ ಡಬ್ಬಿ, ಬಾಟಲಿಗಳ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಅದು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಇರಬೇಕು ಎಂದು 1971ರ ಕೀಟನಾಶಕ ನಿಯಮಗಳು ಹೇಳಿವೆ. ಒಳ್ಳೆಯದೇ. ಆದರೆ ಉಳಿದ ಪೊಟ್ಟಣ ಸರಕುಗಳಿಗೆ ಕೇಂದ್ರ ಸರ್ಕಾರ 2011ರಲ್ಲಿ ಮಾಡಿದ ನಿಯಮ ನೋಡಿ: ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿರಲಿ, ಇಲ್ಲವೇ ಇಂಗ್ಲಿಷಿನಲ್ಲಿರಲಿ. ಬೇರೆ ಭಾಷೆ? ಬೇಕಾದರೆ ಹಾಕಿಕೊಳ್ಳಿ, ನಮ್ಮ ಅಡ್ಡಿಯಿಲ್ಲ! ಕಂಪನಿಯವನು ಯಾಕೆ ಹಾಕಿಕೊಂಡಾನು? ಎರಡು ಸಾಲು ಕನ್ನಡ ಅಚ್ಚು ಹಾಕಿಸುವ ಖರ್ಚು ಉಳಿಯಿತು, ಕೇಳುವವರು ಯಾರೂ ಇಲ್ಲ.

ಸಾಯುವ ಸರಕಿಗೆ ಕನ್ನಡ ಕಡ್ಡಾಯ. ಬದುಕಿಸುವ ಬೀಜಕ್ಕೆ ಅವರ ಮರ್ಜಿ. ಇದು ಯಾವ ನ್ಯಾಯ, ನೀವೇ ಹೇಳಿ.

"ಬೀಜ ಮೊಳೆಯೋಕೆ ಭಾಷೆ ಬೇಕೇನ್ರೀ?" ಎಂದು ನಗುವವರಿದ್ದಾರೆ. ಬೀಜಕ್ಕೆ ಬೇಡ ಸ್ವಾಮಿ, ಬಿತ್ತುವವಳಿಗೆ ಬೇಕು. ಹರಿಹರ ತಾಲೂಕಿನ ಕಡರನಾಯಕನಹಳ್ಳಿಯ ಒಬ್ಬ ತಾಯಿ ಎಂದಿಟ್ಟುಕೊಳ್ಳಿ. ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದಾಳೆ, ಕನ್ನಡ ಪೇಪರು ಸರಾಗ ಓದುತ್ತಾಳೆ. ಬಚ್ಚಲ ನೀರು ಹರಿಯುವ ಕಡೆ ಎರಡು ಪಾತಿ ಮಾಡಿ ಬೆಂಡೆ, ಹರಿವೆ ಹಾಕಬೇಕೆಂದು ಪೊಟ್ಟಣ ತಂದಳು. ಎಷ್ಟು ಆಳಕ್ಕೆ ಊರಬೇಕು? ಸಾಲಿನಿಂದ ಸಾಲಿಗೆ ಎಷ್ಟು ಅಂತರ? ಯಾವ ತಿಂಗಳು ಸರಿ? ಬೀಜದ ಅವಧಿ ಎಂದಿಗೆ ಮುಗಿಯುತ್ತದೆ? ಎಲ್ಲವೂ ಅಚ್ಚಾಗಿದೆ, ಆದರೆ ಅವಳಿಗಲ್ಲ. ಅಕ್ಷರ ಬಲ್ಲ ಹೆಣ್ಣುಮಗಳನ್ನು ಆ ಪೊಟ್ಟಣ ಒಂದೇ ಏಟಿಗೆ ಅನಕ್ಷರಸ್ಥೆ ಮಾಡಿ ಕೂರಿಸಿತು!

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಎಷ್ಟೋ ಪೊಟ್ಟಣಗಳ ಬೀಜ ಗುಲಾಬಿ, ನೀಲಿ, ಹಸಿರು ಬಣ್ಣದಲ್ಲಿರುತ್ತದೆ. ಅದು ಅಂದಕ್ಕೆ ಹಚ್ಚಿದ ಬಣ್ಣವಲ್ಲ. ಶಿಲೀಂಧ್ರ, ಕೀಟ ಬಾರದಿರಲೆಂದು ಬೀಜಕ್ಕೆ ಔಷಧ ಸವರಿದ್ದರ ಗುರುತು ಅದು. ಹೀಗೆ ಉಪಚಾರ ಮಾಡಿದ ಬೀಜದ ಮೇಲೆ ಔಷಧದ ಹೆಸರೂ, ಇದನ್ನು ಆಹಾರಕ್ಕಾಗಲಿ ಮೇವಿಗಾಗಲಿ ಎಣ್ಣೆಗಾಗಲಿ ಬಳಸಬಾರದೆಂಬ ಎಚ್ಚರಿಕೆಯೂ ಇರಬೇಕೆಂದು 1968ರ ಬೀಜ ನಿಯಮಗಳು ಹೇಳುತ್ತವೆ. ಹೊಲದ ಬೀಜವಾದರೆ ಕೊಟ್ಟಿಗೆಯ ಮೂಲೆಯಲ್ಲಿರುತ್ತದೆ. ಹಿತ್ತಲ ಬೀಜ ಇರುವುದೆಲ್ಲಿ? ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕದಲ್ಲಿ, ಮಕ್ಕಳ ಕೈಗೆ ಎಟುಕುವ ಜಾಗದಲ್ಲಿ. ಎಚ್ಚರಿಕೆ ಬರೆದಿದ್ದೇವೆ ಎಂದು ಕಂಪನಿ ಕೈತೊಳೆದುಕೊಳ್ಳುತ್ತದೆ. ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ?

ಹೊಳೆಯಾಚೆಯ ಕೈಗಳು

ಇನ್ನೊಂದು ಸಂಗತಿ ಕೇಳಿ, ಮೈ ಉರಿಯುತ್ತದೆ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕು. ಹೈಬ್ರಿಡ್ ತರಕಾರಿ ಬೀಜ ಮಾಡುವುದಕ್ಕೆ ಹೆಸರಾದ ಸೀಮೆ ಅದು. ಟೊಮೇಟೊ, ಮೆಣಸಿನಕಾಯಿ, ಬೆಂಡೆ, ಸೌತೆ ಬೀಜಗಳನ್ನು ಕಂಪನಿಗಳ ಒಪ್ಪಂದದ ಮೇಲೆ ಅಲ್ಲಿನ ರೈತರು ಬೆಳೆದುಕೊಡುತ್ತಾರೆ. ಈ ಕೆಲಸ ಯಂತ್ರದ್ದಲ್ಲ. ಮರುದಿನ ಅರಳಲಿರುವ ಟೊಮೇಟೊ ಮೊಗ್ಗನ್ನು ಹುಡುಕಿ, ಚಿಮಟ ಹಿಡಿದು ಅದರೊಳಗಿನ ಗಂಡುಭಾಗ ಕೀಳಬೇಕು. ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೆಯೇ. ಬಗ್ಗಿದ ಬೆನ್ನು ಎತ್ತದೆ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಆ ಬೀಜ ಕಂಪನಿಗೆ ಹೋಗಿ, ಹೊಳೆಯುವ ಕವರು ಹೊದ್ದು, ಇಂಗ್ಲಿಷ್ ಹೆಸರು ಹೊತ್ತು ಮತ್ತೆ ನಮ್ಮ ಅಂಗಡಿಗೇ ಬರುತ್ತದೆ. ಮಾಡಿದ್ದು ಕನ್ನಡದ ಕೈ. ಮಣ್ಣು ಕನ್ನಡದ್ದು. ಕೊಳ್ಳುವ ದುಡ್ಡು ಕನ್ನಡಿಗರದ್ದು. ಅಕ್ಷರ ಮಾತ್ರ ಬೇರೆಯವರದ್ದು! ಬೀಜ ಬೆಳೆದ ಆಕೆಯೇ ಒಂದು ಪೊಟ್ಟಣ ಕೊಂಡರೂ ಅದರಲ್ಲೇನಿದೆ ಎಂದು ಇನ್ನೊಬ್ಬರನ್ನು ಕೇಳಬೇಕು.

ರಾಜ್ಯ ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಇದೆ. ಅಂಗಡಿ ಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು, ವಿವರಗಳನ್ನು ಕನ್ನಡದಲ್ಲಿಯೂ ಮುದ್ರಿಸಬೇಕೆಂದು 2025ರ ಫೆಬ್ರವರಿಯಲ್ಲಿ ಆದೇಶವೂ ಆಯಿತು. ಸಂತೋಷ. ಆದರೆ ಆ ಆದೇಶ ರಾಜ್ಯದೊಳಗೆ ತಯಾರಾದ ಸರಕಿಗೆ. ಇಲ್ಲಿ ಬೆಳೆದ ಬೀಜವನ್ನು ಹೊರರಾಜ್ಯಕ್ಕೆ ಸಾಗಿಸಿ ಅಲ್ಲಿ ಪೊಟ್ಟಣ ಕಟ್ಟಿದರೆ? ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇದೆ. ಬೋರ್ಡಿಗೆ ಮಸಿ ಬಳಿಯುವ ನಮ್ಮ ಹೋರಾಟಗಾರರೂ ಇನ್ನುಮುಂದೆ ಬೋರ್ಡಿನ ಕೆಳಗೆ ಮಾರುವ ಪೊಟ್ಟಣವನ್ನು ತಿರುಗಿಸಿ ನೋಡಬೇಕು.

ಹೆಸರು ಹೋದರೆ ಬೀಜವೂ ಹೋಯಿತು

ಈಗ ನಮ್ಮ ತಪ್ಪಿಗೆ ಬರೋಣ. ಎಲ್ಲವನ್ನೂ ದಿಲ್ಲಿಯ ತಲೆಗೆ ಕಟ್ಟಿದರೆ ಆಗುವುದಿಲ್ಲ.

ಬೆಂಗಳೂರಿನ ತಾರಸಿ ತೋಟದವರನ್ನು ನೋಡಿ. "ಬೇಸಿಲ್" ಬೀಜ ಬೇಕೆಂದು ದುಬಾರಿ ಹಣ ತೆರುತ್ತಾರೆ. ಅದು ನಮ್ಮ ಕಾಮಕಸ್ತೂರಿಯ ಜಾತಿಯೇ! ಅಜ್ಜಿ ಹೂವಿನ ದಂಡೆಯ ನಡುವೆ ಕಟ್ಟುತ್ತಿದ್ದ, ಬೀಜ ನೆನೆಸಿ ಬೇಸಗೆಯಲ್ಲಿ ಕುಡಿಸುತ್ತಿದ್ದ ಕಾಮಕಸ್ತೂರಿ. ನುಗ್ಗೆಸೊಪ್ಪನ್ನು ಪುಕ್ಕಟೆ ಕೊಟ್ಟರೂ ಒಲ್ಲದವರು "ಮೊರಿಂಗಾ ಪೌಡರ್" ಎಂದರೆ ಡಬ್ಬಿ ಕೊಳ್ಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ? ಗಿಡದ ಗತಿಯೇ ಕನ್ನಡದ ಗತಿಯೂ ಆಗಿದೆ.

ಹೊಸದು ಬರಬಾರದು ಎಂದು ನಮ್ಮ ವಾದವಲ್ಲ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಮೂರೂ ಅಮೆರಿಕ ಖಂಡದಿಂದ ಬಂದವು. ಮದರಾಸಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ಇದನ್ನೆಲ್ಲ ಸೊಗಸಾದ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಗಿಡಮರಗಳನ್ನು ಕುರಿತ ಅವರ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರ ಕನ್ನಡದಲ್ಲಿ ಆಗದು ಎನ್ನುವವರಿಗೆ ಅದೊಂದೇ ಉತ್ತರ ಸಾಕು.

ಪರದೇಶದ ಗಿಡ ಬಂದಾಗ ನಮ್ಮ ಅಜ್ಜಿಯರು ಏನು ಮಾಡಿದರು? ಬೆದರಲಿಲ್ಲ, ಹೆಸರಿಟ್ಟರು. ಮೆಣಸಿನ ಹಾಗೆ ಖಾರವಾದ ಕಾಯಿ ಮೆಣಸಿನಕಾಯಿ ಆಯಿತು. ದೊಣ್ಣೆಯಂತೆ ದಪ್ಪಗಿದ್ದದ್ದು ದೊಣ್ಣೆಮೆಣಸಿನಕಾಯಿ. ಹೊರಗಿನಿಂದ ಬಂದದ್ದಕ್ಕೆಲ್ಲ 'ಸೀಮೆ' ಎಂಬ ಮುದ್ರೆ ಒತ್ತಿದರು. ಸೀಮೆಬದನೆ, ಸೀಮೆಹುಣಸೆ ಹುಟ್ಟಿದ್ದು ಹಾಗೆ. ಯಾವ ವಿಶ್ವವಿದ್ಯಾಲಯವೂ ಸಮಿತಿ ಕೂರಿಸಲಿಲ್ಲ. ಹಿತ್ತಲಲ್ಲಿ ನಿಂತು ಮಾಡಿದ ಕೆಲಸ ಅದು. ಅವರ ಮೊಮ್ಮಕ್ಕಳಾದ ನಾವು ಪಾಲಕ್ಕು, ಪುದೀನ, ಕೊತ್ತಂಬರಿಗೂ ಇಂಗ್ಲಿಷ್ ಹುಡುಕುತ್ತಿದ್ದೇವೆ!

ಹೆಸರು ಬರೀ ಮಾತಲ್ಲ, ಅದು ಆಸ್ತಿ. ಹಡಗಲಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬ್ಯಾಡಗಿ ಮೆಣಸಿನಕಾಯಿಗೂ ಉಡುಪಿ ಜಿಲ್ಲೆಯ ಮಟ್ಟುಗುಳ್ಳ ಬದನೆಗೂ 2011ರಲ್ಲಿ ಅದು ದೊರೆಯಿತು. ಊರಿನ ಹೆಸರು ತಳಿಗೆ ಅಂಟಿಕೊಂಡು ಉಳಿದದ್ದರಿಂದ ಬೆಳೆಗಾರರ ಕೈಗೆ ಒಂದು ಹಕ್ಕು ಬಂತು. ಹೆಸರಿಲ್ಲದ ಬದನೆ ಬರೀ ಬದನೆ. ಅದರ ಬೀಜ ತಪ್ಪಿಹೋದರೆ ಏನು ಕಳೆದುಕೊಂಡೆವೆಂದು ಹೇಳಲೂ ಬಾಯಿ ಇರುವುದಿಲ್ಲ.

ದಾವಣಗೆರೆ ಸೀಮೆ ಬಯಲು, ಮಲೆನಾಡು ಎರಡರ ನಡುವಿನದು. ಆ ಕಡೆಯ ಪುಂಡಿಸೊಪ್ಪು, ಈ ಕಡೆಯ ಬಸಳೆ ಎರಡೂ ಇಲ್ಲಿ ಬಾಳುತ್ತವೆ. ನಿಮ್ಮ ಮಕ್ಕಳನ್ನು ಕರೆದು ಕೇಳಿ: ಹರಿವೆ, ದಂಟು, ಕಿರಕಸಾಲಿ, ಹೊನಗೊನ್ನೆ, ಗೋಣಿಸೊಪ್ಪು, ಒಂದೆಲಗ, ದೊಡ್ಡಪತ್ರೆ. ಎಷ್ಟನ್ನು ಗುರುತು ಹಿಡಿಯುತ್ತಾರೆ? ಹೂವಿನಲ್ಲಿ ಕಾಕಡ, ಕನಕಾಂಬರ, ಸ್ಫಟಿಕ, ಮರುಗ, ದವನ? ಪುಸ್ತಕ ಬಾಯಿಪಾಠ ಮಾಡಿಸಿ ಈ ಮಾತುಗಳನ್ನು ಉಳಿಸಲಾಗದು. ಗಿಡ ಕಣ್ಣೆದುರು ಇರಬೇಕು, ಎಲೆ ಚಿವುಟಿ ಮೂಸಬೇಕು, ಆಗ ಮಾತು ನಾಲಗೆಗೆ ಅಂಟುತ್ತದೆ.

ನಾವೇ ಮಾಡಬಹುದಾದದ್ದು

ಸರ್ಕಾರ ಕಣ್ಣು ಬಿಡುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬೀಜ ಹಿಡಿಯುವುದು ದೊಡ್ಡ ವಿದ್ಯೆಯಲ್ಲ. ಅವರೆ, ಹುರುಳಿಕಾಯಿ, ಟೊಮೇಟೊಗಳಿಂದ ಶುರು ಮಾಡಿ, ಇವು ಬಹುಮಟ್ಟಿಗೆ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ತಳಿ ಬೆರಕೆಯಾಗುವುದು ಕಡಿಮೆ. ಅವರೆ ಬಳ್ಳಿಯಲ್ಲಿ ಒಳ್ಳೆಯ ನಾಲ್ಕು ಗೊಂಚಲನ್ನು ಕೊಯ್ಯದೆ ಒಣಗಲು ಬಿಡಿ. ಹಣ್ಣಾದ ಟೊಮೇಟೊದ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ. ಹೀರೇಕಾಯಿಯನ್ನು ಬಳ್ಳಿಯಲ್ಲೇ ಒಣಗಿಸಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಬದನೆ ಹಳದಿ ತಿರುಗುವವರೆಗೆ ಗಿಡದಲ್ಲಿರಲಿ. ಬೀಜ ಚೆನ್ನಾಗಿ ಒಣಗಿದ ಮೇಲೆ ಬೂದಿ ಬೆರೆಸಿ, ಒಣಗಿದ ಬೇವಿನೆಲೆ ಹಾಕಿ ಡಬ್ಬಿಗೆ ತುಂಬಿ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ: ಹೆಸರು, ಯಾರ ಮನೆಯಿಂದ ಬಂತು, ಯಾವ ವರ್ಷದ್ದು.

ಒಂದು ಎಚ್ಚರ. ಪೊಟ್ಟಣದ ಹೈಬ್ರಿಡ್ ಬೀಜದಿಂದ ಬೆಳೆದ ಗಿಡದ ಬೀಜ ಹಿಡಿದರೆ ಮುಂದಿನ ಸಲ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ. ನಾಟಿ ಬೀಜವನ್ನೇ ಹುಡುಕಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕ ಅನಾಮಿಕ' ಬೆಂಡೆಯಂಥ, ಹೈಬ್ರಿಡ್ ಅಲ್ಲದ ಸುಧಾರಿತ ತಳಿಗಳ ಬೀಜವನ್ನೂ ಹಿಡಿಯಬಹುದು. ಶಿರಸಿಯ 'ವನಸ್ತ್ರೀ' ಬಳಗದ ಮಲೆನಾಡಿನ ಹೆಣ್ಣುಮಕ್ಕಳು ಹಿತ್ತಲ ಬೀಜಗಳನ್ನು ಹೀಗೆಯೇ ಉಳಿಸಿ ಹಂಚುತ್ತಿದ್ದಾರೆ. ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡುವ ರೈತರ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೇ ಒಪ್ಪಿದೆ. ಯಾರಿಗೂ ಹೆದರಬೇಕಾಗಿಲ್ಲ.

ನಮ್ಮ ಹಕ್ಕೊತ್ತಾಯ

1. ಕರ್ನಾಟಕದಲ್ಲಿ ಮಾರುವ ಪ್ರತಿ ಬೀಜದ ಪೊಟ್ಟಣದಲ್ಲಿ, ಅದು ಎಲ್ಲಿ ಕಟ್ಟಿದ್ದೇ ಆಗಿರಲಿ, ಬೆಳೆಯ ಹೆಸರು, ಬಿತ್ತುವ ಕಾಲ, ಅಂತರ, ಅವಧಿ, ವಿಷದ ಎಚ್ಚರಿಕೆ ಕನ್ನಡದಲ್ಲಿ ಇರಬೇಕು. ಸಣ್ಣ ವಿಷದ ಬಾಟಲಿಯ ಜೊತೆಗೆ ಕನ್ನಡದ ಚೀಟಿ ಹಿಡಿಸುವುದಾದರೆ ಬೀಜದ ಪೊಟ್ಟಣದಲ್ಲೂ ಹಿಡಿಸುತ್ತದೆ. ಜಾಗವಿಲ್ಲ ಎಂಬ ನೆಪ ಬೇಡ.

2. ಬಿತ್ತುವ ಕಾಲವನ್ನು ನಮ್ಮ ಸೀಮೆಯ ಮಳೆಗೆ ತಕ್ಕಂತೆ ಹೇಳಬೇಕು. ರೋಹಿಣಿ, ಮೃಗಶಿರ, ಆರಿದ್ರಾ ಎಂದರೆ ನಮ್ಮ ರೈತನಿಗೆ ತಿಳಿಯುತ್ತದೆ.

3. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ, ದಾವಣಗೆರೆಯ ಗಾಜಿನ ಮನೆಯಲ್ಲಿ ಪ್ರತಿ ಗಿಡದ ಮುಂದೆ ಕನ್ನಡದ ಹೆಸರು ಮೊದಲು ಇರಲಿ. ವಿಜ್ಞಾನದ ಲ್ಯಾಟಿನ್ ಹೆಸರು ಅದರ ಕೆಳಗಿರಲಿ, ನಮ್ಮ ತಕರಾರಿಲ್ಲ.

4. ಅಕ್ಷರ ದಾಸೋಹದ ಅಡುಗೆಗೆ ಸೊಪ್ಪು ಬೆಳೆಯುವ ಶಾಲಾ ಕೈತೋಟಗಳಲ್ಲಿ ಮಕ್ಕಳೇ ಗಿಡಗಳಿಗೆ ಕನ್ನಡದ ಹೆಸರಿನ ಹಲಗೆ ಬರೆದು ನೆಡಲಿ. ಊರಿನ ಅಜ್ಜಿಯರನ್ನು ಶಾಲೆಗೆ ಕರೆಸಿ ಹೆಸರು ಹೇಳಿಸಿ.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಇಷ್ಟು. ಅಂಗಡಿಗೆ ಹೋದಾಗ "ಕನ್ನಡ ಇರೋ ಪೊಟ್ಟಣ ಕೊಡಿ" ಎಂದು ಗಟ್ಟಿಯಾಗಿ ಕೇಳಿ. ಇಲ್ಲ ಎಂದರೆ ಅಲ್ಲೇ ಇಟ್ಟು ಬನ್ನಿ. ಹತ್ತು ಜನ ಹೀಗೆ ಇಟ್ಟು ಬಂದರೆ ಅಂಗಡಿಯವನು ಏಜೆಂಟನಿಗೆ ಹೇಳುತ್ತಾನೆ, ಏಜೆಂಟ ಕಂಪನಿಗೆ ಹೇಳುತ್ತಾನೆ. ವ್ಯಾಪಾರಿಗೆ ಅರ್ಥವಾಗುವ ಭಾಷೆ ಅದೊಂದೇ.

ನವೆಂಬರ್ 1 ಬಂತೆಂದರೆ ಬಾವುಟ ಹಂಚುತ್ತೀರಿ, ಲಾಡು ಹಂಚುತ್ತೀರಿ. ಈ ಸಲ ಅವುಗಳ ಜೊತೆಗೆ ಮನೆಗೊಂದು ಹಿಡಿ ಮೆಂತ್ಯ, ಕೊತ್ತಂಬರಿ, ಹರಿವೆ ಬೀಜ ಹಂಚಿ. ಆ ಚಳಿಗೆ ಮೆಂತ್ಯ, ಕೊತ್ತಂಬರಿ ಚೆನ್ನಾಗಿ ಬರುತ್ತವೆ. ಹಳೇ ಪೇಪರಿನ ಪೊಟ್ಟಣ ಸಾಕು, ಮೇಲೆ ಪೆನ್ನಿನಲ್ಲಿ ಕನ್ನಡದಲ್ಲಿ ಹೆಸರು ಬರೆದಿರಲಿ. ಮೆಂತ್ಯ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ರಾಜ್ಯೋತ್ಸವ ಮುಗಿದ ಮೇಲೂ ಆ ಮನೆಯ ಅಡುಗೆಯಲ್ಲಿ ಕನ್ನಡದ ಕೆಲಸ ನಡೆದಿರಲಿ.