ಉಪಗ್ರಹದ ಕಣ್ಣು, ರೈತನ ಸಾಕ್ಷಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲುಸೀಮೆಯ ಸಂಗತಿ ಮಲೆನಾಡಿಗರಾದ ನಮಗೇಕೆ ಎಂದು ಓದುಗ ಮಿತ್ರರು ಕೇಳಬಹುದು. ನಮ್ಮ ಕಾಡಿನ ಭವಿಷ್ಯವನ್ನು ನಿರ್ಧರಿಸುವ ಭೂಪಟಗಳು ಹೇಗೆ ಸಿದ್ಧವಾಗುತ್ತವೆ ಎಂಬುದನ್ನು ಅರಿಯಲು ಭೀಮಾ-ಕೃಷ್ಣೆಯರ ಆ ಎರೆನೆಲ ಒಳ್ಳೆಯ ಪಾಠಶಾಲೆ.

1988ರ ಮಾರ್ಚ್‌ನಲ್ಲಿ ಐಆರ್‌ಎಸ್-1ಎ ಉಪಗ್ರಹ ಕಕ್ಷೆ ಸೇರಿದಾಗ ವೃತ್ತಿ ಆರಂಭಿಸಿದ ಭೂಗೋಳ ಪ್ರಾಧ್ಯಾಪಕರೊಬ್ಬರನ್ನು ಊಹಿಸಿಕೊಳ್ಳಿ. ಅದರ ಉತ್ತಮ ಕ್ಯಾಮೆರಾದಲ್ಲಿಯೂ ಒಂದು ಚುಕ್ಕೆಯೆಂದರೆ ನೆಲದ ಮೇಲಿನ ಸುಮಾರು 36 ಮೀಟರ್ ಚೌಕ. ಹಸಿರನ್ನು ಕೆಂಪಾಗಿ ತೋರುವ ಆ ಚಿತ್ರದ ಮೇಲೆ ಟ್ರೇಸಿಂಗ್ ಕಾಗದ ಹರಡಿ, ಬೆಳೆ-ಬೀಳುಗಳ ಗಡಿಯನ್ನು ಕೈಯಾರೆ ಗುರುತಿಸಬೇಕಿತ್ತು. 2015ರಿಂದೀಚೆಗೆ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ವಿವರದ ಚಿತ್ರಗಳನ್ನು ಉಚಿತವಾಗಿ ಒದಗಿಸುತ್ತಿವೆ; ಗಡಿ ಗುರುತಿಸುವ ಕೆಲಸವನ್ನು ಯಂತ್ರಕಲಿಕೆಯ ತಂತ್ರಾಂಶ ವಹಿಸಿಕೊಂಡಿದೆ. ಹಾಗಾದರೆ ಪ್ರಾಧ್ಯಾಪಕರ ಅಗತ್ಯ ತೀರಿತೇ? ತೀರಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಬೆಳೆಯ ಹೆಸರನ್ನು ಯಂತ್ರ ತಾನಾಗಿ ಅರಿಯದು. ಇದು ಜೋಳ, ಇದು ಕಬ್ಬು, ಇದು ನಿಂಬೆತೋಟ ಎಂದು ಹೊಲದಲ್ಲಿ ನಿಂತು ಗುರುತಿಸಿದ ಮಾದರಿಗಳನ್ನು ಕೊಟ್ಟರಷ್ಟೇ ಅದು ಕಲಿಯುತ್ತದೆ. ಆಗಸ್ಟ್‌ನಲ್ಲಿ ಸಿಂದಗಿಯ ಅನೇಕ ಎರೆಹೊಲಗಳು ಮೇಲಿನಿಂದ ಕಾಣುವುದು ಬರಿಯ ಕಪ್ಪು ನೆಲವಾಗಿ. ಬೇರೆಡೆಯ ಮಾದರಿಗಳಿಂದ ಕಲಿತ ಯಂತ್ರ ಅದನ್ನು ಪಾಳು ಎಂದು ಬರೆದೀತು. ಆದರೆ ಮಳೆಯ ತೇವವನ್ನು ಒಡಲಲ್ಲಿ ಹಿಡಿದುಕೊಂಡು ಹಿಂಗಾರಿನ ಬಿಳಿಜೋಳಕ್ಕಾಗಿ ಕಾದಿರುವ ಹೊಲ ಅದೆಂದು ಅಲ್ಲಿನ ರೈತ ಬಲ್ಲ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ಯಾವ ಉಪಗ್ರಹವೂ ಹೇಳಿಕೊಟ್ಟದ್ದಲ್ಲ.

ಇದು ವಿದ್ವಾಂಸರ ಚರ್ಚೆ ಮಾತ್ರವಲ್ಲ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಉಪಗ್ರಹ ನೀಡುವ ಸಸ್ಯಸೂಚ್ಯಂಕವನ್ನು ಬರದ ಮಾನದಂಡಗಳಲ್ಲಿ ಸೇರಿಸಿದೆ. ಬಾಧಿತ ತಾಲ್ಲೂಕಿನ ಶೇ. 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ಪರಿಶೀಲಿಸಬೇಕೆಂದೂ ವಿಧಿಸಿದೆ. ಈ ಪರಿಶೀಲನೆ ಸಡಿಲವಾದರೆ ನಷ್ಟ ರೈತನದು.

ಈಗ ನಮ್ಮ ಬೆಟ್ಟಗಳತ್ತ ತಿರುಗೋಣ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವ್ಯಾಖ್ಯೆಯಂತೆ, ಕನಿಷ್ಠ ಒಂದು ಹೆಕ್ಟೇರ್ ಭೂಮಿಯಲ್ಲಿ ಮರಗಳ ಹಂದರ ಶೇ. 10ರಷ್ಟಿದ್ದರೆ ಅದು ಅರಣ್ಯ ಹೊದಿಕೆ. ಒಡೆತನ ಯಾರದಾದರೂ ಸರಿ, ಮರ ಯಾವುದಾದರೂ ಸರಿ. ಆ ಲೆಕ್ಕದಲ್ಲಿ ಅಕೇಶಿಯಾ ನೆಡುತೋಪೂ ಹಸಿರೇ, ನಮ್ಮ ಕಾನೂ ಹಸಿರೇ. ಕಾನು ಅಳಿದು ಅಕೇಶಿಯಾ ಬೆಳೆದು ನಿಂತರೆ ಪಟದಲ್ಲಿ ನಷ್ಟವೇ ಕಾಣಿಸದು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರಗಳ ಆಧಾರದಿಂದ ಪರಿಸರ ಸೂಕ್ಷ್ಮ ಪ್ರದೇಶದ ಹಳ್ಳಿಗಳನ್ನು ಗುರುತಿಸಿದಾಗ, ತೋಟವನ್ನೂ ಕಾಡೆಂದು ಎಣಿಸಿದ್ದಾರೆಂಬ ಆಕ್ಷೇಪ ಎದ್ದುದನ್ನು ನಾವು ಕಂಡಿದ್ದೇವೆ. ಕಾಡು ಉಳಿಯಬೇಕೆನ್ನುವವರಿಗೂ ತೋಟ ಉಳಿಯಬೇಕೆನ್ನುವವರಿಗೂ ಬೇಕಾದದ್ದು ನೆಲದ ಸಾಕ್ಷಿಯುಳ್ಳ ಪಟ.

ಆದುದರಿಂದ ದೂರಸಂವೇದನೆಯನ್ನು ಧಿಕ್ಕರಿಸುವುದು ವಿವೇಕವಲ್ಲ. ಭೂಗೋಳ ವಿಭಾಗಗಳು ತಮ್ಮ ಪಟಗಳನ್ನೂ, ಯಂತ್ರಕ್ಕೆ ಕಲಿಸಲು ಬಳಸಿದ ಮಾದರಿ ಸ್ಥಳಗಳ ಪಟ್ಟಿಯನ್ನೂ ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಲಿ. ವಿದ್ಯಾರ್ಥಿಗಳು ತಮ್ಮೂರಿನ ಕಾನು, ಬೇಣ, ತೋಟ, ನೆಡುತೋಪುಗಳನ್ನು ಮೊಬೈಲಿನ ಜಿಪಿಎಸ್ ನೆರವಿನಿಂದ ಗುರುತಿಸಿ, ಹಿರಿಯರನ್ನು ಕೇಳಿ ಹೆಸರು ಬರೆದಿಡಲಿ. ಮುಂದಿನ ಪಟ ನಮ್ಮೂರಿಗೆ ಬಂದಾಗ ಅದನ್ನು ಒಪ್ಪಲೂ ತಿದ್ದಲೂ ಆ ಬರಹವೇ ಆಧಾರವಾದೀತು.